ಹದಿನೇಳು ಗುರಿಗಳಲ್ಲಿ ಗಂಡನ ಪಾಲು ಎಷ್ಟು?

ಪ್ರಶ್ನೆ: ನನಗೆ 24 ವರ್ಷ. ಡಿಸೆಂಬರ್ ಕೊನೆಗೆ ನಮ್ಮ ನಿಕಾಹ್ ಆಗಿ ಒಂದು ವರ್ಷ ತುಂಬುತ್ತದೆ. ಅತ್ತೆ-ಮಾವನ ಜೊತೆಯಲ್ಲೇ ಇದ್ದೇವೆ. ಗಂಡ ಒಳ್ಳೆಯವರು, ನಮಾಜ್ ತಪ್ಪಿಸುವುದಿಲ್ಲ, ಒಂದು ದಿನವೂ ಬೈದವರಲ್ಲ. ವಾರ್ಷಿಕೋತ್ಸವದ ದಿನ ಇಬ್ಬರೇ ಎಲ್ಲಾದರೂ ಹೋಗಿ ಬರೋಣ ಎಂದೆ. ‘ಇದೆಲ್ಲ ನಮ್ಮ ದೀನ್‌ನಲ್ಲಿ (ಧರ್ಮದಲ್ಲಿ) ಇಲ್ಲ, ಬೇರೆಯವರನ್ನು ನೋಡಿ ಕಲಿತದ್ದು’ ಎಂದುಬಿಟ್ಟರು. ನನಗೇನೂ ಕೇಕ್ ಬೇಕಿರಲಿಲ್ಲ. ಆ ರಾತ್ರಿ ಅಳು ತಡೆಯಲಾಗಲಿಲ್ಲ. ಆಮೇಲೆ ನನ್ನಲ್ಲೇ ಏನೋ ಕೊರತೆ ಇದೆ ಅನ್ನಿಸಿ, ಹೊಸ ವರ್ಷಕ್ಕೆ ಗುರಿಗಳನ್ನು ಬರೆಯುತ್ತಾ ಕೂತೆ. ಹದಿನೇಳಾದವು. ದಿನಾ ತಹಜ್ಜುದ್ (ರಾತ್ರಿ ಎದ್ದು ಮಾಡುವ ಐಚ್ಛಿಕ ನಮಾಜ್), ತಿಂಗಳಿಗೊಮ್ಮೆ ಕುರ್‌ಆನ್ ಪೂರ್ತಿ ಓದುವುದು, ರಮದಾನಿನಲ್ಲಿ ಬಿಟ್ಟುಹೋಗಿ ಬಾಕಿ ಇರುವ ರೋಜಾಗಳನ್ನು (ಉಪವಾಸಗಳನ್ನು) ತೀರಿಸುವುದು, ಹತ್ತು ಕೆಜಿ ಇಳಿಯುವುದು, ಅತ್ತೆ ಮೆಚ್ಚುವ ಹಾಗೆ ಅಡುಗೆ ಮಾಡುವುದು, ಗಂಡನ ಮೇಲೆ ಕೋಪ ಮಾಡಿಕೊಳ್ಳದಿರುವುದು, ಅಳದಿರುವುದು, ಈ ವರ್ಷವೇ ಮಗು... ಹೀಗೆ. ಕಟ್ಟಕಡೆಯದು, ಅರ್ಧಕ್ಕೆ ನಿಂತ ಪದವಿ ಮುಗಿಸುವುದು. ಮದುವೆ ಮಾತುಕತೆಯಲ್ಲಿ ‘ಓದು ಮುಂದುವರಿಸಲಿ’ ಎಂದು ಅವರ ಮನೆಯವರೇ ಒಪ್ಪಿದ್ದರು. ಈಗ ಯಾರೂ ಆ ವಿಷಯ ಎತ್ತುವುದಿಲ್ಲ. ಪಟ್ಟಿ ನೋಡಿದರೇ ಸುಸ್ತಾಗುತ್ತದೆ. ಎಲ್ಲಿಂದ ಶುರು ಮಾಡಲಿ?
— ಹೆಸರು ಬೇಡ

ಉತ್ತರ: ತಂಗಿ, ನಿಮ್ಮ ಪಟ್ಟಿಯಲ್ಲಿ ಇಬಾದತ್ತಿನ (ಆರಾಧನೆಯ) ಪಾಲಿದೆ, ಅತ್ತೆಯ ಪಾಲಿದೆ, ತೂಕದ ಯಂತ್ರದ ಪಾಲೂ ಇದೆ. ಹೊಸ ವರ್ಷದಲ್ಲಿ ಗಂಡ ಏನು ಮಾಡಬೇಕು ಎನ್ನುವುದು ಮಾತ್ರ ಒಂದು ಸಾಲಿನಲ್ಲೂ ಇಲ್ಲ. ಸಂಸಾರ ಇಬ್ಬರದು, ತಿದ್ದಿಕೊಳ್ಳುವ ಕೆಲಸವೆಲ್ಲ ಒಬ್ಬರದು. ಸುಸ್ತಾಗದೆ ಇನ್ನೇನಾದೀತು?

ಮೊದಲು ವಾರ್ಷಿಕೋತ್ಸವದ ಮಾತು. ಫತ್ವಾ ಕೊಡುವಷ್ಟು ವಿದ್ಯೆ ನನಗಿಲ್ಲ. ಉಲಮಾಗಳಲ್ಲೇ (ಧರ್ಮಪಂಡಿತರಲ್ಲೇ) ಈ ಬಗ್ಗೆ ಭಿನ್ನಾಭಿಪ್ರಾಯವಿದೆ. ಇದು ಪರರ ಅನುಕರಣೆ, ಬೇಡ ಎನ್ನುವವರಿದ್ದಾರೆ; ಇಬಾದತ್ ಎಂದು ಭಾವಿಸದೆ, ದುಂದುವೆಚ್ಚವಿಲ್ಲದೆ ಮಾಡಿದರೆ ಇದೊಂದು ಲೌಕಿಕ ರೂಢಿಯಷ್ಟೇ, ಅಡ್ಡಿಯಿಲ್ಲ ಎನ್ನುವವರೂ ಇದ್ದಾರೆ. ನಿಮ್ಮ ಗಂಡ ಮೊದಲನೆಯ ಮಾತನ್ನು ನಂಬಿದ್ದರೆ ಆ ತಾರೀಖಿಗಾಗಿ ಜಗಳವಾಡಬೇಡಿ. ಬೇರೆ ದಿನ ಕೇಳಿ. ಹೆಂಡತಿಯ ಜೊತೆ ಒಂದು ಸಂಜೆ ಕಳೆಯುವುದು ದೀನ್‌ನಲ್ಲಿ ಇಲ್ಲ ಎಂದು ಹೇಳಲು ಅವರಿಗೂ ಬಾಯಿ ಬರಲಾರದು. ಪ್ರವಾದಿ ಮುಹಮ್ಮದ್(ಸ) ಅವರು ಒಂದು ಪ್ರಯಾಣದಲ್ಲಿ ಪತ್ನಿ ಆಯಿಶಾ(ರ) ಅವರೊಂದಿಗೆ ಓಟದ ಸ್ಪರ್ಧೆ ನಡೆಸಿದ್ದರು. ಗೆದ್ದದ್ದು ಆಯಿಶಾ. ಕಾಲ ಕಳೆದು, ಮೈ ತುಂಬಿಕೊಂಡ ಮೇಲೆ ಮತ್ತೊಮ್ಮೆ ಓಡಿದಾಗ ಆಯಿಶಾ ಸೋತರು. ‘ಅಂದಿನದಕ್ಕೆ ಇದು’ ಎಂದರಂತೆ ಪ್ರವಾದಿ. ಅಬೂದಾವೂದ್ ಸಂಗ್ರಹದಲ್ಲಿರುವ ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಇದು. ಮದುವೆಯಾಗಿ ವರ್ಷಗಳಾದ ಮೇಲೂ ಹಳೆಯ ಓಟವನ್ನು ನೆನಪಿಟ್ಟುಕೊಂಡು ಕೀಟಲೆ ಮಾಡುವ ಗಂಡ ಬೇಕು ಎಂದು ನೀವು ಬಯಸಿದ್ದರಲ್ಲಿ ತಪ್ಪೇನಿಲ್ಲ.

(ಅಂದಹಾಗೆ, ಹಿಜ್ರಿ ವರ್ಷಕ್ಕೆ ಸಾಮಾನ್ಯವಾಗಿ 354 ದಿನ. ಚಂದ್ರನ ಲೆಕ್ಕದಲ್ಲಿ ನಿಮ್ಮ ಮದುವೆಗೆ ಸುಮಾರು ಹನ್ನೊಂದು ದಿನ ಮೊದಲೇ ವರ್ಷ ತುಂಬಿಬಿಡುತ್ತದೆ. ತಕರಾರು ಡಿಸೆಂಬರಿನ ತಾರೀಖಿನದೇ ಆಗಿದ್ದರೆ ಇದನ್ನು ನಗುತ್ತಾ ಹೇಳಿ ನೋಡಿ.)

ಇನ್ನು ಇಬಾದತ್ತಿನ ಗುರಿಗಳು. ಎಲ್ಲವೂ ಒಳ್ಳೆಯವೇ, ಒಟ್ಟಿಗೆ ಮಾತ್ರ ಆಗುವಂಥವಲ್ಲ. ಸ್ವಲ್ಪವೇ ಆದರೂ ಬಿಡದೆ ನಡೆಸಿಕೊಂಡು ಬರುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯ ಎಂಬ ಹದೀಸ್ ನೀವೂ ಕೇಳಿಯೇ ಇರುತ್ತೀರಿ. ತಿಂಗಳಿಗೊಂದು ಖತಮ್ (ಪೂರ್ತಿ ಓದು) ಎಂದರೆ ದಿನಕ್ಕೊಂದು ಪಾರಾ (ಮೂವತ್ತರಲ್ಲಿ ಒಂದು ಭಾಗ), ಅಂದರೆ ಇಪ್ಪತ್ತು ಪುಟ. ಮನೆ ತುಂಬ ಜನ, ಕೈ ತುಂಬ ಕೆಲಸ ಇರುವಾಗ ಎರಡನೇ ವಾರಕ್ಕೇ ಅದು ನಿಂತುಹೋಗುತ್ತದೆ, ಆಮೇಲೆ ನಿಮ್ಮನ್ನು ನೀವೇ ಶಪಿಸಿಕೊಳ್ಳುತ್ತೀರಿ. ಮದೀನಾ ಮುದ್ರಣದ ಮುಸ್‌ಹಫ್‌ನಲ್ಲಿ (ಕುರ್‌ಆನ್ ಪ್ರತಿಯಲ್ಲಿ) 604 ಪುಟಗಳಿವೆ. ಫಜರ್ (ಮುಂಜಾವಿನ ನಮಾಜ್) ಆದ ಮೇಲೆ ಎರಡೇ ಪುಟ ಓದಿದರೂ 302 ದಿನಕ್ಕೆ ಮುಗಿಯುತ್ತದೆ. ಕಾಯಿಲೆ, ನೆಂಟರು, ಓದಲಾಗದ ದಿನಗಳು ಎಂದು ಅರವತ್ತು ದಿನ ಬಿಟ್ಟುಹೋದರೂ ವರ್ಷದೊಳಗೆ ಒಂದು ಖತಮ್ ಆಗಿಯೇ ಆಗುತ್ತದೆ. ತಹಜ್ಜುದ್‌ಗೂ ಅಷ್ಟೇ: ವಾರಕ್ಕೆ ಒಂದು ರಾತ್ರಿ, ಎರಡು ರಕಾತ್ (ನಮಾಜಿನ ಸುತ್ತು), ಸಾಕು.

ಬಾಕಿ ರೋಜಾಗಳನ್ನು ಮಾತ್ರ ಮುಂದಕ್ಕೆ ಹಾಕಬೇಡಿ. ಇವು ಐಚ್ಛಿಕವಲ್ಲ, ತೀರಿಸಬೇಕಾದವು. ಆದರೆ ಕಂಗಾಲಾಗುವ ಅಗತ್ಯವೂ ಇಲ್ಲ. ತಮ್ಮ ಬಾಕಿ ರೋಜಾಗಳನ್ನು ರಮದಾನಿಗೆ ಮುಂಚಿನ ಶಅಬಾನ್ ತಿಂಗಳಿನಲ್ಲಷ್ಟೇ ತೀರಿಸಲಾಗುತ್ತಿತ್ತು ಎಂದು ಆಯಿಶಾ(ರ) ಅವರೇ ಹೇಳಿದ್ದಾರೆ. ಕಳೆದ ರಮದಾನಿನವನ್ನು ಮುಂದಿನ ರಮದಾನಿನೊಳಗೆ ಮೊದಲು ಮುಗಿಸಿ. ಅದಕ್ಕೂ ಹಳೆಯವು ಇದ್ದರೆ ನಿಮ್ಮ ಮದ್‌ಹಬ್ (ಧಾರ್ಮಿಕ ಕಾನೂನಿನ ಪಂಥ) ತಿಳಿದ ಆಲಿಮಾ (ಧರ್ಮ ವಿದುಷಿ) ಒಬ್ಬರನ್ನು ಕೇಳಿ ಲೆಕ್ಕ ಹಾಕಿಕೊಳ್ಳಿ. ರೋಜಾ ಹಿಡಿದ ದಿನ ಮನೆಗೆಲಸದಲ್ಲಿ ಕೈ ಜೋಡಿಸಬೇಕು ಎಂದು ಗಂಡನಿಗೆ ಹೇಳಿ. ಪ್ರವಾದಿ(ಸ) ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿದವರಿಗೆ ಆಯಿಶಾ(ರ) ಕೊಟ್ಟ ಉತ್ತರ ಬುಖಾರಿ ಹದೀಸ್ ಸಂಗ್ರಹದಲ್ಲಿದೆ: ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಜಿನ ಹೊತ್ತಾದರೆ ಎದ್ದು ಹೋಗುತ್ತಿದ್ದರು. ವಾರ್ಷಿಕೋತ್ಸವಕ್ಕೆ ದೀನ್ ನೆನಪಾದವರಿಗೆ ಪಾತ್ರೆ ತೊಳೆಯುವಾಗಲೂ ಅದು ನೆನಪಾಗಲಿ ಎನ್ನುವುದು ನನ್ನ ಆಸೆ.

ಹತ್ತು ಕೆಜಿ ಇಳಿಯಿರಿ ಎಂದು ಹೇಳಿದವರು ವೈದ್ಯರಾದರೆ ಆ ಗುರಿ ಇರಲಿ. ನೆಂಟರಾದರೆ ಹೊಡೆದುಹಾಕಿ. ಅತ್ತೆಯ ಮೆಚ್ಚುಗೆಯನ್ನೂ ಹೊಡೆದುಹಾಕಿ. ಅಡುಗೆ ನಿಮ್ಮ ಕೈಯಲ್ಲಿದೆ, ಅವರ ಮನಸ್ಸು ನಿಮ್ಮ ಕೈಯಲ್ಲಿಲ್ಲ.

ಕೋಪ ಮಾಡಿಕೊಳ್ಳದಿರುವುದು, ಅಳದಿರುವುದು. ಇವೆರಡನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಒಂದು ವರ್ಷದಲ್ಲಿ ನೀವು ಬಾಯಿ ಬಿಟ್ಟು ಕೇಳಿದ್ದು ಒಂದು ಸಂಜೆ. ಅದೂ ಸಿಗಲಿಲ್ಲ. ಅತ್ತಿದ್ದೇ ತಪ್ಪು ಎಂದು ಕೊನೆಗೆ ನಿಮಗೆ ನೀವೇ ತೀರ್ಪು ಕೊಟ್ಟುಕೊಂಡಿರಿ. ‘ನೀನು ನನ್ನ ಮೇಲೆ ಸಂತೋಷದಲ್ಲಿದ್ದೀಯೋ ಮುನಿಸಿಕೊಂಡಿದ್ದೀಯೋ, ನನಗೆ ಗೊತ್ತಾಗುತ್ತದೆ’ ಎಂದು ಪ್ರವಾದಿ(ಸ) ಒಮ್ಮೆ ಆಯಿಶಾಗೆ ಹೇಳಿದರು. ಹೇಗೆ ಎಂದು ಆಕೆ ಕೇಳಿದರೆ, ಸಂತೋಷದಲ್ಲಿದ್ದಾಗ ‘ಮುಹಮ್ಮದರ ಪ್ರಭುವಿನಾಣೆ’ ಎನ್ನುತ್ತೀ, ಮುನಿಸಿದ್ದಾಗ ‘ಇಬ್ರಾಹೀಮರ ಪ್ರಭುವಿನಾಣೆ’ ಎನ್ನುತ್ತೀ ಎಂದರು. ಹೌದು, ಬಿಡುವುದು ನಿಮ್ಮ ಹೆಸರನ್ನಷ್ಟೇ ಎಂದು ಆಕೆ ಒಪ್ಪಿಕೊಂಡರು. ಆ ಮನೆಯಲ್ಲಿ ಹೆಂಡತಿ ಮುನಿಸಿಕೊಳ್ಳುತ್ತಿದ್ದರು, ಗಂಡ ಅದನ್ನು ಗಮನಿಸುತ್ತಿದ್ದರು, ಕೋಪ ಯಾಕೆ ಎಂದು ಗದರಲಿಲ್ಲ. ನಿಮ್ಮ ಗಂಡನಿಗೆ ನೀವು ಅತ್ತದ್ದು ಗೊತ್ತೇ? ನಿಮ್ಮ ಪತ್ರ ನೋಡಿದರೆ ಗೊತ್ತಿಲ್ಲ ಅನ್ನಿಸುತ್ತದೆ. ಬೈಯದ ಗಂಡ, ನಮಾಜ್ ಬಿಡದ ಗಂಡ; ಅವರು ಕಲ್ಲೆದೆಯವರಲ್ಲ, ಬಹುಶಃ ಕೇಳಿಸಿಕೊಳ್ಳುವ ಅಭ್ಯಾಸವಿಲ್ಲ. ಹೇಳಿ. ‘ನೀವು ಬೇಡ ಎಂದಿದ್ದಕ್ಕಲ್ಲ, ಇನ್ನೇನಾದರೂ ಮಾಡೋಣ ಎಂದು ನಿಮಗೆ ತೋಚಲಿಲ್ಲವಲ್ಲ ಎಂದು ಬೇಸರವಾಯಿತು’ — ಇಷ್ಟೇ ಸಾಕು. ಊಟವಾದ ಮೇಲೆ, ಬಾಗಿಲು ಹಾಕಿಕೊಂಡು, ಅವರ ಕೈಯಲ್ಲಿ ಮೊಬೈಲ್ ಇಲ್ಲದಾಗ.

ಮಗುವಿನ ವಿಷಯ. ಇದು ನೀವೊಬ್ಬರೇ ಹಾಕಿಕೊಳ್ಳುವ ಗುರಿಯೇ ಅಲ್ಲ. ‘ಇನ್ನೂ ವಿಶೇಷ ಇಲ್ಲವಾ’ ಎಂದು ಕೇಳುವವರ ಬಾಯಿ ಮುಚ್ಚಿಸಲು ಮಗು ಬೇಡ. ಮಗುವಿಗೆ ಎದೆಹಾಲು ಬಿಡಿಸುವುದನ್ನೂ ತಂದೆ-ತಾಯಿ ಪರಸ್ಪರ ಒಪ್ಪಿ, ಸಮಾಲೋಚಿಸಿ ತೀರ್ಮಾನಿಸಬಹುದು ಎನ್ನುತ್ತದೆ ಕುರ್‌ಆನ್ (2:233). ಹಾಲು ಬಿಡಿಸುವುದಕ್ಕೇ ಇಬ್ಬರ ಸಮಾಲೋಚನೆ ಬೇಕಾದರೆ ಮಗುವನ್ನು ಪಡೆಯುವುದಕ್ಕೆ ಬೇಡವೇ? ಇಬ್ಬರೂ ಬಯಸಿ ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದರೆ ನಿಮ್ಮ ವಯಸ್ಸಿನವರು ವೈದ್ಯರನ್ನು ಕಾಣಬಹುದು. ಮುಟ್ಟು ಏರುಪೇರಾಗುತ್ತಿದ್ದರೆ ಅಷ್ಟು ಕಾಯಬೇಕಿಲ್ಲ. ಹೋಗುವಾಗ ಜೋಡಿಯಾಗಿ ಹೋಗಿ. ತಪಾಸಣೆ ಗಂಡನಿಗೂ ಆಗಬೇಕು, ಸಮಸ್ಯೆ ಯಾವಾಗಲೂ ಹೆಂಗಸಿನಲ್ಲೇ ಇರುತ್ತದೆ ಎಂಬ ನಿಯಮವೇನಿಲ್ಲ. ಪ್ರಯತ್ನವನ್ನೇ ಇನ್ನೂ ಶುರು ಮಾಡಿಲ್ಲವಾದರೆ, ಓದು ಮುಗಿಯುವವರೆಗೆ ತಡೆಯೋಣವೇ ಎಂಬ ಮಾತನ್ನೂ ಅದೇ ಕೋಣೆಯಲ್ಲಿ ಆಡಿಬಿಡಿ.

ಈಗ ಆ ಓದು. ನೀವು ಅದನ್ನು ಹದಿನೇಳನೆಯದಾಗಿ ಬರೆದಿದ್ದೀರಿ, ನಾನಾದರೆ ಮೊದಲನೆಯದಾಗಿ ಬರೆಯುತ್ತಿದ್ದೆ. ಉಳಿದ ಎಷ್ಟೋ ಗುರಿಗಳನ್ನು ಯಾವ ವರ್ಷದಲ್ಲಾದರೂ ಶುರು ಮಾಡಬಹುದು. ಪದವಿ ಮುಗಿಸಲು ವಿಶ್ವವಿದ್ಯಾಲಯಗಳು ಇಂತಿಷ್ಟೇ ವರ್ಷ ಎಂದು ಗಡುವು ಇಟ್ಟಿರುತ್ತವೆ. ನಿಮ್ಮ ಗಡುವು ಯಾವಾಗ ಮುಗಿಯುತ್ತದೆ, ಉಳಿದ ಪರೀಕ್ಷೆಗಳೆಷ್ಟು, ಶುಲ್ಕವೆಷ್ಟು ಎಂದು ಈ ವಾರವೇ ತಿಳಿದುಕೊಂಡು ಒಂದು ಹಾಳೆಯಲ್ಲಿ ಬರೆದಿಡಿ. ನಂತರ ಕೇಳಿ. ಉಪಕಾರ ಬೇಡುವವರ ಹಾಗೆ ಕೇಳಬೇಡಿ. ಮದುವೆಗೆಂದು ಒಪ್ಪಿಕೊಂಡ ಷರತ್ತುಗಳೇ ಎಲ್ಲಕ್ಕಿಂತ ಹೆಚ್ಚು ಈಡೇರಿಸಬೇಕಾದವು ಎಂದು ಪ್ರವಾದಿ(ಸ) ಹೇಳಿದ್ದು ಬುಖಾರಿ, ಮುಸ್ಲಿಂ ಎರಡೂ ಸಂಗ್ರಹಗಳಲ್ಲಿ ಇದೆ. ನಿಕಾಹ್‌ನಾಮೆಯಲ್ಲಿ ಇದನ್ನು ಬರೆಸಿದ್ದೀರೋ ಇಲ್ಲವೋ ನೀವು ತಿಳಿಸಿಲ್ಲ. ಬರೆಸದಿದ್ದರೂ ಹಿರಿಯರ ಎದುರು ಕೊಟ್ಟ ಮಾತು ಮಾತೇ. ದೀನ್ ಪಾಲಿಸುವ ಗಂಡನಿಗೆ ಇದನ್ನು ವಿವರಿಸುವುದು ಕಷ್ಟವಾಗಬಾರದು.

ಅವರು ಒಪ್ಪಿದರೆ ಆ ಕ್ಷಣವೇ ಮನೆಗೆಲಸದ ಹಂಚಿಕೆ ಮಾತಾಡಿಕೊಳ್ಳಿ. ಓದಲು ನೀವು ದಿನಕ್ಕೆ ಎರಡು ಗಂಟೆ ಬಾಗಿಲು ಹಾಕಿಕೊಳ್ಳುತ್ತೀರಿ ಎಂದು ಅತ್ತೆಗೆ ಹೇಳುವ ಕೆಲಸ ಗಂಡನದೇ ಆಗಲಿ, ನಿಮ್ಮದಲ್ಲ. ‘ನೋಡೋಣ’ ಎಂದರೆ ಯಾವತ್ತು ನೋಡೋಣ ಎಂದು ತಾರೀಖು ಕೇಳಿ. ಆ ತಾರೀಖೂ ಜಾರಿದರೆ, ಮಾತುಕತೆಯ ದಿನ ಕೂತಿದ್ದ ನಿಮ್ಮ ತಂದೆಯಿಂದಲೋ ಅಣ್ಣನಿಂದಲೋ ನಿಮ್ಮ ಮಾವನವರಿಗೆ ಒಂದು ಫೋನ್ ಮಾಡಿಸಿ.