ಓದುಗರ ಪ್ರಶ್ನೆ: ಗೋಡೆ ಕಟ್ಟಿದವನ ಮಾತು ನಂಬಬಹುದೇ?

ಪ್ರಶ್ನೆ: ಎಡ್ಗರ್ ಅಲನ್ ಪೋ ಅವರ ‘ದಿ ಕಾಸ್ಕ್ ಆಫ್ ಅಮಾಂಟಿಲಾಡೊ’ (1846) ನಮಗೆ ಪಠ್ಯ. ನಿರೂಪಕ ಮಾಂಟ್ರೆಸಾರ್ ಮದ್ಯದ ಆಸೆ ತೋರಿಸಿ ಫಾರ್ಚುನಾಟೊನನ್ನು ನೆಲಮಾಳಿಗೆಗೆ ಕರೆದೊಯ್ದು, ಜೀವಂತವಾಗಿರುವಾಗಲೇ ಗೋಡೆ ಕಟ್ಟಿ ಮುಚ್ಚುತ್ತಾನೆ. ಉದ್ದೇಶ ‘ಅವಮಾನಕ್ಕೆ ಸೇಡು’ ಎಂದು ಬರೆದೆ. ಮೇಷ್ಟ್ರು ‘ಸಾಲದು’ ಎಂದರು. ಸಂಕೇತ, ಆಶಯಗಳನ್ನೂ ಸೇರಿಸಿ ಹೇಗೆ ಬರೆಯಲಿ?
– ಬಿ.ಎ. ವಿದ್ಯಾರ್ಥಿನಿ, ಹಾಸನ

ಉತ್ತರ: ಮೇಷ್ಟ್ರು ಹೇಳಿದ್ದು ಸರಿ. ಸೇಡು ಎಂಬುದು ಮಾಂಟ್ರೆಸಾರ್ ತಾನೇ ಕೊಟ್ಟ ಕಾರಣ. ಅದನ್ನು ಹಾಗೇ ಒಪ್ಪಿದರೆ ಆರೋಪಿಯ ಹೇಳಿಕೆಯನ್ನೇ ತೀರ್ಪು ಎಂದು ಓದಿದಂತೆ. ಸಾವಿರ ಕೇಡು ಸಹಿಸಿದೆ, ಅವಮಾನಿಸಿದಾಗ ಮಾತ್ರ ಸೇಡಿನ ಶಪಥ ಮಾಡಿದೆ ಎನ್ನುತ್ತಾನಲ್ಲ, ಆ ಅವಮಾನ ಯಾವುದು? ಕಥೆಯಲ್ಲಿ ಎಲ್ಲೂ ಇಲ್ಲ. ಅದನ್ನು ನೀವು ಊಹಿಸಿ ತುಂಬಬೇಡಿ; ಹೇಳದೆ ಬಿಟ್ಟಿದ್ದಾನೆ ಎಂಬುದನ್ನೇ ಸಾಕ್ಷ್ಯವಾಗಿ ಬಳಸಿ.

ನಂತರ ಅವನು ಬಾಯಿತಪ್ಪಿ ಆಡಿರಬಹುದಾದ ಮಾತು ಹುಡುಕಿ. ಕೆಮ್ಮುತ್ತಿರುವ ಫಾರ್ಚುನಾಟೊಗೆ ವಾಪಸ್ ಹೋಗೋಣ ಎನ್ನುತ್ತಾ, ನೀನು ಶ್ರೀಮಂತ, ಎಲ್ಲರೂ ಗೌರವಿಸುತ್ತಾರೆ, ಸುಖವಾಗಿದ್ದೀಯ, ಒಂದು ಕಾಲಕ್ಕೆ ನಾನೂ ಹಾಗಿದ್ದೆ ಎನ್ನುತ್ತಾನೆ. ಪುಸಲಾಯಿಸಲು ಆಡಿದ ಮಾತು ನಿಜ. ನಮ್ಮ ಅಭಿಪ್ರಾಯದಲ್ಲಿ ಇಡೀ ಕಥೆಯ ಅತ್ಯಂತ ಪ್ರಾಮಾಣಿಕ ವಾಕ್ಯವೂ ಅದೇ. ತನ್ನ ಮನೆತನ ದೊಡ್ಡದಾಗಿ‘ತ್ತು’ ಎಂದು ಭೂತಕಾಲದಲ್ಲಿ ಹೇಳುವುದನ್ನು, ಅವನ ಲಾಂಛನವೇ ಫಾರ್ಚುನಾಟೊಗೆ ನೆನಪಿಲ್ಲದಿರುವುದನ್ನು ಇದರ ಪಕ್ಕಕ್ಕಿಡಿ. ಸೇಡಿನಡಿ ಅಸೂಯೆ ಕಾಣುತ್ತದೆ.

ಆಶಯಕ್ಕೆ ಕೀಲಿ ಮೊದಲ ಪ್ಯಾರಾದಲ್ಲಿದೆ. ಸೇಡು ಪೂರ್ಣವಾಗಲು ಅವನೇ ಎರಡು ಷರತ್ತು ಹಾಕಿಕೊಳ್ಳುತ್ತಾನೆ: ತಾನು ಸಿಕ್ಕಿಬೀಳಬಾರದು, ತಾನು ಸೇಡು ತೀರಿಸುತ್ತಿದ್ದೇನೆ ಎಂಬುದು ಬಲಿಯಾದವನಿಗೆ ತಿಳಿಯಬೇಕು. ಮೊದಲನೆಯದು ಈಡೇರಿತು, 50 ವರ್ಷ ಯಾರೂ ಆ ಗೋಡೆ ಮುಟ್ಟಿಲ್ಲ. ಎರಡನೆಯದು? ಫಾರ್ಚುನಾಟೊ ಅಮಲಿನಲ್ಲಿ ಬಂದವನು, ಕೊನೆಯಲ್ಲೂ ಇದೊಂದು ತಮಾಷೆ ಎನ್ನುತ್ತಾನೆ. ಏಕೆ ಸಾಯುತ್ತಿದ್ದೇನೆಂದು ಅವನಿಗೆ ಯಾರೂ ಹೇಳುವುದಿಲ್ಲ. 11ನೇ ವರಸೆಯ ಕೊನೆಯ ಕಲ್ಲಿನ ಹೊತ್ತಿಗೆ ಒಳಗಿನಿಂದ ಬರುವುದು ಅವನ ವಿದೂಷಕ ಟೋಪಿಯ ಗೆಜ್ಜೆ ಸದ್ದು ಮಾತ್ರ. ಆಗ ನಿರೂಪಕನ ಎದೆ ಕುಸಿಯುತ್ತದೆ, ಕೂಡಲೇ ನೆಲಮಾಳಿಗೆಯ ತೇವದ ಮೇಲೆ ತಪ್ಪು ಹೊರಿಸುತ್ತಾನೆ. ತನ್ನದೇ ಅಳತೆಗೋಲಿನಲ್ಲಿ ಸೋತ ಸೇಡು ಎಂದು ವಾದಿಸಲು ಇಷ್ಟು ಸಾಕು.

ಸಂಕೇತಗಳಲ್ಲಿ ವಿದ್ಯಾರ್ಥಿಗಳು ಎಡವುವುದು ‘ಹಾವು ಎಂದರೆ ಕೇಡು’ ಎಂಬ ನಿಘಂಟು ಅರ್ಥದಿಂದ. ಲಾಂಛನದಲ್ಲಿ ಚಿನ್ನದ ಪಾದ ಹಾವನ್ನು ತುಳಿಯುತ್ತಿದೆ, ಹಾವಿನ ಹಲ್ಲು ಹಿಮ್ಮಡಿಯಲ್ಲಿ ನಾಟಿದೆ. ಮಾಂಟ್ರೆಸಾರ್ ಪಾದವೋ ಹಾವೋ? ಎರಡೂ ರೀತಿ ಓದಿ ನೋಡಿ, ಯಾವ ಓದಿನಲ್ಲೂ ಇಬ್ಬರೂ ಬಿಡಿಸಿಕೊಳ್ಳುವುದಿಲ್ಲ. ಕರಣೆಯದು ಬೇರೆ ಆಟ: ಫಾರ್ಚುನಾಟೊ ಫ್ರೀಮೇಸನ್ ಎಂಬ ಗುಪ್ತ ಸಂಘದ (‘ಮೇಸನ್’ ಎಂದರೆ ಗಾರೆ ಕೆಲಸದವನು) ಗುರುತು ಕೇಳಿದರೆ ಇವನು ಗಾರೆ ಕೆಲಸದ ಕರಣೆ ತೆಗೆದು ತೋರಿಸುತ್ತಾನೆ. ಒಂದು ಉತ್ತರಕ್ಕೆ ಎರಡು ಸಂಕೇತ ಸಾಕು, ಎರಡನ್ನೂ ಉದ್ದೇಶಕ್ಕೆ ಜೋಡಿಸಿ.

ಪ್ರಶ್ನೆ: ಇದೇ ಕಥೆಯ ಅಮಾಂಟಿಲಾಡೊ ಎಂದರೇನು?
– ಓದುಗರು, ಶಿರಸಿ

ಉತ್ತರ: ಸ್ಪೇನಿನ ಶೆರಿ ಮದ್ಯದ ಒಂದು ಬಗೆ. ಮಾಂಟ್ರೆಸಾರ್ ಹೆಸರೆತ್ತುವ ಇನ್ನೊಬ್ಬ ಮದ್ಯಪರಿಣತ ಲುಕ್ರೇಸಿಗೆ ಅಮಾಂಟಿಲಾಡೊ ಯಾವುದು, ಶೆರಿ ಯಾವುದು ಗೊತ್ತಾಗುವುದಿಲ್ಲ ಎಂದು ಫಾರ್ಚುನಾಟೊ ಹಂಗಿಸುವ ಮಾತಿಗೆ ಗೆರೆ ಹಾಕಿಟ್ಟುಕೊಳ್ಳಿ. ಮದ್ಯಪರಿಣತ ಎಂದು ಬೀಗುವವನ ಮಾತದು.