ಟ್ರಂಕಿನೊಳಗಿನ ಕೌದಿ

ಈ ವಾರ ಬಂದ ಕಾಗದಗಳಲ್ಲಿ ಯಾದಗಿರಿಯ ತಂಗಿಯೊಬ್ಬಳ ಕಾಗದ ನನ್ನನ್ನು ಬಿಡಲಿಲ್ಲ. ಎರಡು ರಾತ್ರಿ ಅದನ್ನೇ ಓದಿದೆ.

ಆಕೆಗೆ 34 ವರ್ಷ. ಕಲಬುರಗಿಯ ಖಾಸಗಿ ಕಚೇರಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ, ಸಂಬಳ 16 ಸಾವಿರ. ದಿನಾ ರೈಲಲ್ಲಿ ಅಪ್-ಡೌನ್. ಹಳೇ ಬಟ್ಟೆಯ ಹೊದಿಕೆ, ಅಂದರೆ ಕೌದಿ, ಹೊಲಿಯೋದನ್ನು ಅವ್ವನಿಂದ ಕಲಿತವಳು. ಹೋದ ವರ್ಷ ಮೈದುನ ಆಕೆಯ ಒಂದು ಕೌದಿಯ ಫೋಟೋ ವಾಟ್ಸಾಪ್‌ನಲ್ಲಿ ಹಾಕಿದ. "ವೈನಿ, ನೀವು ಸುಮ್ನೆ ಹೊಲೀರಿ, ಮಾರೋದು ನಂದು" ಅಂದ. ಆರ್ಡರ್ ಬಂದವು. ಈಗ ಒಂಬತ್ತು ಬಾಕಿ. ಗಿರಾಕಿಗಳ ಫೋನ್ ಮಾತ್ರ ವೈನಿಗೇ ಬರುತ್ತವೆ. "ಕೆಲಸ ಬಿಟ್ಟು ಕೌದಿ ಹಿಡಿಯಲಾ, ಕೌದಿ ಬಿಟ್ಟು ಕೆಲಸ ಉಳಿಸಿಕೊಳ್ಳಲಾ?" ಎಂದು ಕೇಳಿದ್ದಾಳೆ.

ತಂಗಿ, ನಾಲ್ಕು ಪುಟದ ಕಾಗದದಲ್ಲಿ ಮೂರನೇ ಪುಟದ ಕೆಳಗೆ ಒಂದು ಸಾಲು ಬರೆದಿದ್ದೀಯ. "ಅವ್ವ ತೀರಿಕೊಂಡ ಮೇಲೆ ಅವಳ ಸೀರೆಗಳಿಂದ ಒಂದು ಶುರು ಮಾಡಿದ್ದೆ, ಅರ್ಧಕ್ಕೆ ಟ್ರಂಕಿನಲ್ಲಿದೆ, ಅದು ಇರಲಿ ಬಿಡಿ." ಬರೆದವಳೇ ಮತ್ತೆ ಗಿರಾಕಿಗಳ ಮಾತಿಗೆ ಹೋಗಿಬಿಟ್ಟೆ. ನಾನು ಮಾತ್ರ ಆ ಸಾಲಿನಿಂದ ಮುಂದೆ ಹೋಗಲಾಗಲಿಲ್ಲ. ಎರಡು ವರ್ಷದಿಂದ ನಿನ್ನ ಅವ್ವನ ಸೀರೆ ಟ್ರಂಕಿನಲ್ಲಿದೆ. ಅಷ್ಟರಲ್ಲಿ ಗುರುತಿಲ್ಲದ ಎಷ್ಟು ಮನೆಗಳ ಹಾಸಿಗೆಗೆ ಹೊಲಿದು ಕೊಟ್ಟೆ?

ಕೌದಿ ಅಂದರೆ ಏನು ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಉಟ್ಟು ಉಟ್ಟು ಮೆತ್ತಗಾದ ಸೀರೆ, ಧೋತರ, ಕೂಸಿನ ಅಂಗಿ ಎಲ್ಲವನ್ನೂ ಪದರ ಪದರವಾಗಿ ಹಾಸಿ, ಮೇಲೆ ತುಂಡು ಜೋಡಿಸಿ, ಅಂಚಿನಿಂದ ಒಳಗೆ ಸಾಲು ಸಾಲಾಗಿ ಸೂಜಿ ಓಡಿಸೋದು. ಬೆರಳು ಜಡ್ಡುಗಟ್ಟುವ ಕೆಲಸ. ನಮ್ಮಜ್ಜಿ ಹೊಲಿದ ಒಂದು ಕೌದಿಯಲ್ಲಿ ಅವಳ ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡು ಇದೆ, ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ಸೇರಿಸಿದ ಗೆರೆ ಸಮೇತ. ಮಹಾನವಮಿ ಮುಂಚೆ ಮನೆಯ ಹಾಸಿಗೆಯೆಲ್ಲ ಒಗೆಯುವಾಗ ನನ್ನ ಕೈ ಆ ಗೆರೆಯ ಹತ್ತಿರ ತಾನಾಗಿ ನಿಧಾನವಾಗುತ್ತದೆ.

ನೀನೂ ಬರೆದಿದ್ದೀಯ. ಮೊದಲೆಲ್ಲ ರೈಲಲ್ಲಿ ತುಂಡು ಜೋಡಿಸುತ್ತಾ ಹೋಗುತ್ತಿದ್ದೆ, ನಾಲವಾರ ಸ್ಟೇಷನ್ ಬರುವಷ್ಟರಲ್ಲಿ ಒಂದು ಸಾಲು ಮುಗಿಯುತ್ತಿತ್ತು, ವಾಡಿಯಲ್ಲಿ ಗಾಡಿ ನಿಂತಾಗ ಸೂಜಿಗೆ ದಾರ ಪೋಣಿಸುತ್ತಿದ್ದೆ ಅಂತ. ಈಗ ಸೂಜಿ ಹಿಡಿದರೆ ತಲೆನೋವು ಬರುತ್ತದೆ ಅಂತೀಯ. ಬರದೆ ಏನಾದೀತು? ಇಷ್ಟಪಟ್ಟು ಮಾಡೋದಕ್ಕೆಲ್ಲ ರೇಟು ಹಾಕಬಾರದು ಅಂತ ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಹಾಡುವವರಿಗೂ ಹೇಳಿದ್ದೇನೆ, ಹಿತ್ತಲಲ್ಲಿ ಗಿಡ ಬೆಳೆಸುವವರಿಗೂ ಹೇಳಿದ್ದೇನೆ. ಬೇಕಿದ್ದವರು ಮಾರಲಿ, ಅದು ಮರ್ಯಾದೆಯ ದುಡಿಮೆಯೇ. ಆದರೆ ಮಾರುವ ಆಸೆ ನಿನ್ನದಾಗಿರಲಿಲ್ಲ ಅಲ್ವಾ?

ನನಗೆ ಸಿಟ್ಟು ಬಂದಿದ್ದು ನಿನ್ನ ಮೈದುನನ ಮೇಲೆ. ಅವನನ್ನು ನೀನು "ಪಾಪ, ನಮ್ಮ ಒಳ್ಳೇದಕ್ಕೇ ಮಾಡಿದ" ಅಂತ ಬಿಟ್ಟುಬಿಟ್ಟಿದ್ದೀಯ. ನಾನು ಬಿಡಲ್ಲ. ಒಂದೊಂದು ಆರ್ಡರಿಗೆ 500 ರೂಪಾಯಿ ಮುಂಗಡ ತಗೊಂಡವನು ಅವನು. ಒಂದು ಕೌದಿಗೆ ನಾಲ್ಕು ಭಾನುವಾರ ಬೇಕು ಅಂತ ನೀನೇ ಹೇಳಿದ್ದೀಯ. ಒಂಬತ್ತಕ್ಕೆ 36 ಭಾನುವಾರ. ವಾರವೆಲ್ಲ ರೈಲು ಹತ್ತಿ ಇಳಿಯುವವಳ 36 ಭಾನುವಾರವನ್ನು ಅವನು ಫೋನಿನಲ್ಲಿ ಕೂತು ಯಾರ‍್ಯಾರಿಗೋ ಕೊಟ್ಟುಬಿಟ್ಟ. ನಿನ್ನ ಯಜಮಾನರೂ ಒಂದು ಮಾತು ಆಡಬಹುದಿತ್ತು. ಇರಲಿ, ಅವರ ವಿಷಯ ಇನ್ನೊಮ್ಮೆ.

ಕೆಲಸ ಬಿಡೋ ಮಾತು ಬೇಡ. 2,500 ರೂಪಾಯಿಗೆ ಒಂದು ಕೌದಿ ಅಂದರೆ 16 ಸಾವಿರಕ್ಕೆ ತಿಂಗಳಿಗೆ ಆರು ಮುಗಿಸಿದರೂ ಸಾಲದು. ದಾರದ ಖರ್ಚು ಬೇರೆ. ಕಣ್ಣು, ಬೆನ್ನು ಎರಡೂ ಹೋಗುತ್ತವೆ.

ಮುಂಗಡದ 4,500 ರೂಪಾಯಿ ಮೈದುನನೇ ವಾಪಸ್ ಕೊಡಲಿ, ಫೋನೂ ಅವನೇ ಮಾಡಲಿ. ಕಾಯುತ್ತೇವೆ ಅನ್ನುವವರಿದ್ದರೂ ಹೆಸರು ಬರೆದುಕೊಳ್ಳಬೇಡ.

ನೀನು ಮಾಡಬೇಕಾದ್ದು ಒಂದೇ. ಬರುವ ಭಾನುವಾರ ಬೆಳಿಗ್ಗೆ, ಬಿಸಿಲು ಏರುವ ಮೊದಲು, ಟ್ರಂಕು ತೆಗೆ. ಅವ್ವನ ಸೀರೆ ನೆಲದ ಮೇಲೆ ಹಾಸು. ಸೂಜಿ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಹಿಡಿ. ಹಳೇ ದಾರ ಜೀರ್ಣವಾಗಿದ್ದರೆ ಎರಡು ಬೆರಳಷ್ಟು ಬಿಚ್ಚಿ ಹೊಸದು ಹಾಕು. ಅಳು ಬಂದರೆ ಅತ್ತುಬಿಡು, ಹತ್ತಿ ಸೀರೆ, ಬೇಗ ಒಣಗುತ್ತದೆ. ಮುಗಿದ ದಿನ ಶೇಂಗಾ ಹೋಳಿಗೆ ಮಾಡು. ಫೋಟೋ ತೆಗೆಯೋದು ಬೇಡ, ನನಗೆ ಕಳಿಸೋಕೂ ಬೇಡ. ಆ ರಾತ್ರಿ ನೀನೇ ಹೊದ್ದುಕೊಂಡು ಮಲಗು.