ಅಡಿಕೆಗೆ ತಿಂಗಳ ಕಂತು ಗೊತ್ತಿಲ್ಲ

ಓದುಗರ ಪತ್ರ: ಮಾನ್ಯ ಸಂಪಾದಕರೇ, ಮನೆಗೆ ಫ್ರಿಜ್ ಮತ್ತು ವಾಷಿಂಗ್ ಮೆಷಿನ್ ಬೇಕಾಗಿದೆ. ಎರಡೂ ಸೇರಿ 60,000 ರೂಪಾಯಿ. ಓಣಂ ಕೊಡುಗೆಯಲ್ಲಿ ಕ್ರೆಡಿಟ್ ಕಾರ್ಡ್ ಇದ್ದವರಿಗೆ ಬಡ್ಡಿಯಿಲ್ಲದ 12 ಕಂತು ಎಂದು ಕಾಸರಗೋಡಿನ ಅಂಗಡಿಯವರು ಹೇಳುತ್ತಾರೆ. ಅಷ್ಟು ಹಣ ನನ್ನ ಖಾತೆಯಲ್ಲಿದೆ. ಗೊಬ್ಬರಕ್ಕೂ ಕೊಯ್ಲಿನ ಕೂಲಿಗೂ ಎಂದು ಇಟ್ಟದ್ದು. ಕಂತಿನಲ್ಲಿ ಕೊಂಡರೆ ಆ ಹಣ ಬ್ಯಾಂಕಿನಲ್ಲೇ ಉಳಿದು ಅದರ ಬಡ್ಡಿ ನನಗೇ ಸಿಗುತ್ತದಲ್ಲವೇ? ಬ್ರಿಟನ್ನಿನಲ್ಲಿರುವ ನನ್ನ ತಮ್ಮ ಮನೆಯ ಪೀಠೋಪಕರಣವನ್ನೆಲ್ಲ ಹೀಗೆಯೇ ಕೊಂಡ. ಹೆಂಡತಿ ಮಾತ್ರ "ಅಡಿಕೆ ಮಾರಿದ ಮೇಲೆ ನೋಡುವ" ಎನ್ನುತ್ತಾಳೆ. ನಿಮ್ಮ ಪತ್ರಿಕೆಯೂ ಸಾಲವೆಂದರೆ ಹುಲಿ ಎಂಬಂತೆ ಬರೆಯುತ್ತದೆ. ಬಡ್ಡಿಯೇ ಇಲ್ಲದ ಸಾಲಕ್ಕೂ ಹೆದರಬೇಕೆ?

– ಬದಿಯಡ್ಕ ಸಮೀಪದ ಓದುಗರೊಬ್ಬರು

ಸಂಪಾದಕರ ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನೀವು ಕೇಳಿದ ಪ್ರಶ್ನೆಗಿಂತ ನಿಮ್ಮ ಮನೆಯವರು ಆಡಿದ ನಾಲ್ಕು ಪದಗಳೇ ನನ್ನ ಮನಸ್ಸಿನಲ್ಲಿ ಉಳಿದವು. ನೀವು ಅವನ್ನು ದೂರಿನಂತೆ ಬರೆದಿದ್ದೀರಿ. ಈ ತಾಲೂಕುಗಳ ತೋಟದ ಮನೆಗಳನ್ನು ಇಷ್ಟು ಕಾಲ ಎತ್ತಿ ನಿಲ್ಲಿಸಿದ್ದು ಆ ಮಾತೇ ಎಂಬುದು ನನ್ನ ನಂಬಿಕೆ. ಉತ್ತರ ಉದ್ದವಾದರೆ ಸಹಿಸಿಕೊಳ್ಳಿ.

ನಿಮ್ಮ ಪರವಾಗಿ ಹೇಳಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮ ತಮ್ಮ ಮಾಡಿದ್ದು ತಪ್ಪಲ್ಲ. ಬ್ರಿಟನ್ನಿನಲ್ಲಿ ಖರೀದಿಗೆಂದೇ ಶೂನ್ಯ ಬಡ್ಡಿಯ ಕಾರ್ಡ್‌ಗಳಿವೆ. ಗೊತ್ತುಮಾಡಿದ ತಿಂಗಳುಗಳವರೆಗೆ ಬಾಕಿಯ ಮೇಲೆ ಬಡ್ಡಿ ಬೀಳುವುದಿಲ್ಲ. ಪ್ರತಿ ತಿಂಗಳೂ ಕನಿಷ್ಠ ಮೊತ್ತವನ್ನು ತಪ್ಪದೆ ಕಟ್ಟಬೇಕು, ಅವಧಿ ಮುಗಿಯುವುದರೊಳಗೆ ಪೂರ್ತಿ ತೀರಿಸಬೇಕು, ಇಲ್ಲವಾದರೆ ಉಳಿದದ್ದಕ್ಕೆ ಮಾಮೂಲಿನ ಬಡ್ಡಿ. ಅಲ್ಲಿನ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಕಲಮು ಇನ್ನೊಂದು ಆಸರೆ: 100 ಪೌಂಡಿಗೆ ಮೇಲ್ಪಟ್ಟು 30,000 ಪೌಂಡಿನವರೆಗಿನ ವಸ್ತುವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡಾಗ ಅಂಗಡಿಯವನು ಕೈಕೊಟ್ಟರೆ ಕಾರ್ಡ್ ಕೊಟ್ಟ ಸಂಸ್ಥೆಯೂ ಹೊಣೆ ಹೊರಬೇಕು. ತಿಂಗಳ ಸಂಬಳ ಬರುವವನಿಗೆ, ಲೆಕ್ಕ ಇಡುವ ಅಭ್ಯಾಸ ಇರುವವನಿಗೆ ಅದು ಒಳ್ಳೆಯ ಅನುಕೂಲ. ನಮ್ಮಲ್ಲೂ ಶಾಲಾ ಮೇಷ್ಟ್ರುಗಳು, ಕಚೇರಿ ನೌಕರರು ಕಂತಿನಲ್ಲಿ ಕೊಂಡು ಕೊನೆಯ ರೂಪಾಯಿವರೆಗೆ ಸರಿಯಾಗಿ ತೀರಿಸಿದ್ದನ್ನು ಕಂಡಿದ್ದೇನೆ.

ಆದರೆ ನಿಮ್ಮ ಅಂಗಡಿಯವರು ಕೊಡುತ್ತಿರುವುದು ಆ ಸರಕಲ್ಲ. 2013ರ ಸೆಪ್ಟೆಂಬರಿನಲ್ಲಿ ನಮ್ಮ ರಿಸರ್ವ್ ಬ್ಯಾಂಕೇ ಎಲ್ಲ ಬ್ಯಾಂಕುಗಳಿಗೆ ಸುತ್ತೋಲೆ ಕಳುಹಿಸಿತ್ತು: ಶೂನ್ಯ ಬಡ್ಡಿ ಎಂಬುದೇ ಇಲ್ಲ, ಈ ಕಂತಿನ ಯೋಜನೆಗಳಲ್ಲಿ ಬಡ್ಡಿಯನ್ನು ಮರೆಮಾಚಿ ಶುಲ್ಕದ ಹೆಸರಿನಲ್ಲಿ ಗ್ರಾಹಕನ ತಲೆಗೆ ಕಟ್ಟಲಾಗುತ್ತಿದೆ ಎಂದು. ಆಗ ಮರೆಗೆ ಸರಿದದ್ದು 'ನೋ ಕಾಸ್ಟ್ ಇಎಂಐ', ಅಂದರೆ ಹೆಚ್ಚುವರಿ ಖರ್ಚಿಲ್ಲದ ತಿಂಗಳ ಕಂತು, ಎಂಬ ಹೊಸ ಹೆಸರಿನಲ್ಲಿ ಮರಳಿ ಬಂದಿದೆ. ಒಳಗಿನ ಕೆಲಸ ಹೀಗೆ: ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ. ಅಷ್ಟು ಮೊತ್ತವನ್ನು ಅಂಗಡಿಯವರೋ ಕಂಪನಿಯವರೋ ಬೆಲೆಯಲ್ಲಿ ಮೊದಲೇ ಇಳಿಸುತ್ತಾರೆ. ಹಾಗಾಗಿ ಒಟ್ಟು ಕೂಡಿಸಿದರೆ 60,000 ಎಂದೇ ಕಾಣುತ್ತದೆ.

ಕಾಗದ ತೆಗೆದುಕೊಂಡು ನನ್ನ ಜೊತೆ ಲೆಕ್ಕ ಹಾಕಿ. ವರ್ಷಕ್ಕೆ ಶೇ. 16ರ ಬಡ್ಡಿ ಎಂದಿಟ್ಟುಕೊಳ್ಳೋಣ. 5,000ದ 12 ಕಂತು ಬರಬೇಕಾದರೆ ನಿಮ್ಮ ಸಾಲದ ಅಸಲು 55,100ರ ಆಸುಪಾಸು, ಬಡ್ಡಿ 4,900ರ ಆಸುಪಾಸು. ಆ ಬಡ್ಡಿಯ ಮೇಲೆ ಶೇ. 18ರಂತೆ ಜಿಎಸ್‌ಟಿ, ಅಂದರೆ ಸುಮಾರು 880 ರೂಪಾಯಿ. ಅದನ್ನು ಯಾರೂ ಬಿಡುವುದಿಲ್ಲ, ನೀವೇ ಕಟ್ಟಬೇಕು. ಸಂಸ್ಕರಣಾ ಶುಲ್ಕ 199 ಎಂದಿದ್ದರೆ ಅದಕ್ಕೂ ತೆರಿಗೆ ಸೇರಿ 235. ಒಟ್ಟು 1,115 ರೂಪಾಯಿ ನಿಮ್ಮ ಕೈಯಿಂದ ಹೋಯಿತು. ಇನ್ನು ನೀವು ಬ್ಯಾಂಕಿನಲ್ಲಿ ಉಳಿಸುವ ಹಣದ ಬಡ್ಡಿ: ಪ್ರತಿ ತಿಂಗಳೂ 5,000 ತೆಗೆಯುತ್ತ ಹೋದರೆ ಖಾತೆಯಲ್ಲಿ ವರ್ಷದ ಸರಾಸರಿ 32,500 ಇರುತ್ತದೆ. ಉಳಿತಾಯ ಖಾತೆಗೆ ಶೇ. 3 ಎಂದಿಟ್ಟುಕೊಂಡರೂ 975 ರೂಪಾಯಿ. ನಿರಖು ಠೇವಣಿಯಲ್ಲಿ ಇಟ್ಟರೆ ಹೆಚ್ಚು ಬಂದೀತು, ಆದರೆ ವರ್ಷದ ಠೇವಣಿಯಲ್ಲಿ ಹಣ ಹೂತಿಟ್ಟರೆ ತಿಂಗಳ ಕಂತು ಕಟ್ಟುವುದು ಎಲ್ಲಿಂದ? ಹೋಗಲಿ, ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು: ಕಾರ್ಡಿನವನಿಗಾಗಿ 4,900 ಇಳಿಸಬಲ್ಲ ಅಂಗಡಿಯವರು ನಗದು ಎಣಿಸುವ ನಿಮಗೆ ಅದರಲ್ಲಿ ಅರ್ಧವನ್ನಾದರೂ ಏಕೆ ಬಿಡಬಾರದು? ಕೇಳಿದ್ದೀರಾ? ನಿಮ್ಮ ಪತ್ರದಲ್ಲಿ ಆ ಮಾತಿಲ್ಲ. ಕೇಳದೆ ಬಂದದ್ದಕ್ಕೆ ನಿಮ್ಮನ್ನು ಸ್ವಲ್ಪ ಗದರಿಸುವ ಹಕ್ಕು ನನಗಿದೆ ಎಂದುಕೊಳ್ಳುತ್ತೇನೆ.

ಇಷ್ಟೇ ಆಗಿದ್ದರೆ ಸಾವಿರ ರೂಪಾಯಿಯ ಮಾತು, ಒಂದು ಅಂಕಣದಲ್ಲಿ ಮುಗಿಯುತ್ತಿತ್ತು. ನನ್ನನ್ನು ಕಾಡುವುದು ಬೇರೆ.

ಓಣಂ ಯಾವಾಗ ಬರುತ್ತದೆ? ಸಿಂಹ ಮಾಸದಲ್ಲಿ, ಆಗಸ್ಟ್ ಸೆಪ್ಟೆಂಬರಿನಲ್ಲಿ. ಅಡಿಕೆ ತೋಟದವನ ಕೈ ವರ್ಷದಲ್ಲೇ ಅತ್ಯಂತ ಬರಿದಾಗಿರುವ ಹೊತ್ತು ಅದು. ಕಾಯಿ ಕೊಳೆಸುವ ಮಹಾಳಿ ರೋಗಕ್ಕೆಂದು ಬೋರ್ಡೋ ದ್ರಾವಣ ಎರಡು ಸಲ ಬಿಟ್ಟಾಗಿದೆ. ಮಳೆ ಎಡೆಬಿಡದೆ ಸುರಿದ ವರ್ಷವಾದರೆ ಮೂರನೆಯ ಸಲಕ್ಕೆ ಮರ ಹತ್ತುವವರನ್ನು ಹುಡುಕಿಕೊಂಡು ಊರೂರು ಅಲೆಯಬೇಕು. ಮುಂದೆ ಗೊಬ್ಬರ, ಆಮೇಲೆ ಕೊಯ್ಲು. ನವೆಂಬರಿನಲ್ಲಿ ಮೊದಲ ಗೊನೆ ಇಳಿದರೂ ಅಂಗಳದಲ್ಲಿ 40, 45 ದಿನದ ಬಿಸಿಲು ಬೀಳದೆ ಚಾಲಿ, ಅಂದರೆ ಮಾರುವಂಥ ಒಣ ಅಡಿಕೆ, ಆಗುವುದಿಲ್ಲ. ಸುಲಿದು ಗೋಣಿ ಕಟ್ಟುವಾಗ ಜನವರಿ ಕಳೆದಿರುತ್ತದೆ. ನಿಮ್ಮ ಕಂತು ಅಕ್ಟೋಬರಿನಿಂದ ಶುರು. ಮೊದಲ ನಾಲ್ಕು ಕಂತು ನೀವು ಕಟ್ಟುವುದು ಅಡಿಕೆಯಿಂದಲ್ಲ, ಗೊಬ್ಬರಕ್ಕೂ ಕೂಲಿಗೂ ಇಟ್ಟ ಹಣದಿಂದ. ಆ ಹಣ ಬ್ಯಾಂಕಿನಲ್ಲಿ ಕುಳಿತು ಬಡ್ಡಿ ಗಳಿಸುತ್ತದೆ ಎಂದು ಬರೆದಿರಲ್ಲ, ಅದು ಡಿಸೆಂಬರಿಗೆ ಮೊದಲೇ ತೋಟದ ಬುಡಕ್ಕೆ ಬಿದ್ದಿರುತ್ತದೆ.

ಹೊಸ ಅಡಿಕೆಗಿಂತ ಹಳತಿಗೆ ಬೆಲೆ ಹೆಚ್ಚು ಎಂಬುದು ನಿಮಗೆ ನಾನು ಹೇಳಿಕೊಡಬೇಕಾದ ಸಂಗತಿಯಲ್ಲ. ಕಾಯಬಲ್ಲವನು ನಮ್ಮ ಬೆಳೆಯಲ್ಲಿ ಗೆಲ್ಲುತ್ತಾನೆ. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಹುಟ್ಟಿದ್ದೂ ಬೆಲೆ ಕುಸಿದು ಬೆಳೆಗಾರ ಕೈಚೆಲ್ಲಿ ಕುಳಿತಾಗ, ಅವನು ಸಿಕ್ಕ ದರಕ್ಕೆ ಮಾರಿ ಹಾಳಾಗಬಾರದೆಂದೇ. ತಿಂಗಳ ಕಂತು ಆ ಕಾಯುವ ಶಕ್ತಿಯನ್ನೇ ಕಸಿದುಕೊಳ್ಳುತ್ತದೆ. ಎರಡು ಕ್ವಿಂಟಲ್ ಅಡಿಕೆಯನ್ನು ಆತುರದಲ್ಲಿ ಮಾರಿ ಕಿಲೋಗೆ 50 ರೂಪಾಯಿ ಕಳೆದುಕೊಂಡರೂ 10,000 ರೂಪಾಯಿ ಹೋಯಿತು. ಬಡ್ಡಿಯಿಲ್ಲದ ಕಂತಿನ ನಿಜವಾದ ಬಡ್ಡಿ ಅದು. ಅದು ಬ್ಯಾಂಕಿನ ಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ, ಅಡಿಕೆ ಅಂಗಡಿಯ ತಕ್ಕಡಿಯ ಹತ್ತಿರ ಕಾಣುತ್ತದೆ.

ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ. ನಮ್ಮ ನೆರೆಯ ಬೆಳೆಗಾರರೊಬ್ಬರು ಕಂತಿನ ದಿನ ತಪ್ಪಬಾರದೆಂದು ಮೂರು ಗೋಣಿ ಅಡಿಕೆಯನ್ನು ಪೇಟೆಗೆ ತಂದಿದ್ದರು. ನಾನೂ ಜೊತೆಗಿದ್ದೆ. ವ್ಯಾಪಾರಿ ಗೋಣಿಯ ಆಳಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದ, ಒಂದನ್ನು ಅಡಕತ್ತರಿಯಲ್ಲಿ ಸೀಳಿದ. ಎರಡು ಹೋಳುಗಳನ್ನೂ ಅಂಗೈಯಲ್ಲಿಟ್ಟು ನಮ್ಮತ್ತ ಹಿಡಿದ. ನಡುವೆ ಇನ್ನೂ ಹಸಿ ಇತ್ತು. ಅವನು ಹೇಳಿದ ದರಕ್ಕೆ ಅವರು ಮಾತಿಲ್ಲದೆ ತಲೆಯಾಡಿಸಿದರು. ಹತ್ತು ಬಿಸಿಲು ಸಾಕಿತ್ತು, ಹತ್ತೇ ಬಿಸಿಲು. ಬಸ್ಸಿನಲ್ಲಿ ಮರಳುವಾಗ ಅವರು ಕಿಟಕಿಯ ಹೊರಗೇ ನೋಡುತ್ತಿದ್ದರು.

ಅವರು ಕಂತು ತಪ್ಪಿಸಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು. ಕಾರ್ಡಿನ ಬಾಕಿ ಉಳಿದರೆ ತಿಂಗಳಿಗೆ ಶೇ. 3.5ರ ಹಾಗೆ ಬಡ್ಡಿ ಬೀಳುವುದು ಸಾಮಾನ್ಯ, ವರ್ಷಕ್ಕೆ 42. ಅದರ ಮೇಲೂ ಜಿಎಸ್‌ಟಿ. ಬಾಕಿ ಇರುವಷ್ಟು ದಿನ ಹೊಸ ಖರೀದಿಗಳಿಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಶೇ. 30ಕ್ಕಿಂತ ಹೆಚ್ಚು ಬಡ್ಡಿ ಸಲ್ಲದು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಆ ಬೇಲಿಯೂ ಈಗ ಇಲ್ಲ.

ನಮ್ಮ ತಾಯಿಗೆ ಗ್ರೈಂಡರ್ ಬೇಕಾಗಿದ್ದ ಕಾಲ ನೆನಪಾಗುತ್ತಿದೆ. ಅಟ್ಟದ ಮೇಲಿನ ಅಡಿಕೆ ಗೋಣಿಗಳಲ್ಲಿ ಒಂದರ ಕುತ್ತಿಗೆಗೆ ಅವರು ಹಳೆಯ ಸೀರೆಯ ಕೆಂಪು ಅಂಚನ್ನು ಕಟ್ಟಿದ್ದರು. ಅದು ಗ್ರೈಂಡರಿನ ಗೋಣಿ. ಯಾರೂ ಮುಟ್ಟುವಂತಿಲ್ಲ, ಅಪ್ಪನೂ ಮುಟ್ಟುವಂತಿಲ್ಲ. ಮಳೆಗಾಲ ಕಳೆದೊಡನೆ ಆ ಗೋಣಿಯನ್ನು ಮೊದಲು ಇಳಿಸಿ ಬಿಸಿಲಿಗೆ ಹರಡುತ್ತಿದ್ದರು, ಹುಳ ಬಿದ್ದಿದೆಯೇ ಎಂದು ಒಂದೊಂದನ್ನೇ ಹೊರಳಿಸಿ ನೋಡುತ್ತಿದ್ದರು, ಮತ್ತೆ ತುಂಬಿ ಅದೇ ಅಂಚನ್ನು ಕಟ್ಟುತ್ತಿದ್ದರು. ಬೆಲೆ ಏರಿದ ವಾರ ಅಪ್ಪನ ಜೊತೆ ತಾವೇ ಪೇಟೆಗೆ ಹೋದರು. ಅಂಗಡಿಯಲ್ಲಿ ನೋಟು ಎಣಿಸಿ ಮೇಜಿನ ಮೇಲೆ ಇಟ್ಟು, ಅದರ ಮೇಲಿಂದ ಕೈ ತೆಗೆಯದೆ, "ಇನ್ನು ಎಷ್ಟು ಬಿಡುತ್ತೀರಿ?" ಎಂದು ಕೇಳಿದರು. ಬಿಟ್ಟರು. ನಿಮ್ಮ ಮನೆಯವರು ಹೇಳಿದ ಮಾತಿನ ಹಿಂದೆ ಇಂಥ ಎಷ್ಟು ಗೋಣಿಗಳಿವೆಯೋ!

ಈ ಕರಾವಳಿಗೆ ಹಣದ ವಿದ್ಯೆ ಹೊಸದಲ್ಲ. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಲದಲ್ಲೇ, 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಬೀಜ ಬಿತ್ತಿದರು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಸಂಗ್ರಹಿಸಿತು. ಕೂಡಿಡುವವನ ಬಾಗಿಲಿಗೆ ಬ್ಯಾಂಕು ನಡೆದು ಬಂದ ಕಾಲ ಅದು. ಈಗ ಸಾಲ ಮಾಡಿಸಲು ಮೊಬೈಲಿನ ಒಳಕ್ಕೇ ಬಂದು ಕರೆಯುತ್ತಾರೆ. ಕೇರಳ ಸರ್ಕಾರದ ಹಣಕಾಸು ಸಂಸ್ಥೆ ಕೆಎಸ್ಎಫ್ಇ 1969ರಿಂದ ಚಿಟ್ಟಿ, ಅಂದರೆ ಚೀಟಿ ನಿಧಿ, ನಡೆಸುತ್ತಿದೆ, ನಮ್ಮವರೂ ಸೇರಿದ್ದಾರೆ. ಚಿಟ್ಟಿಯೂ ತಿಂಗಳ ಕಂತೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು, ಕಟ್ಟಬಲ್ಲೆನೇ ಎಂದು ಅಲ್ಲೂ ಯೋಚಿಸಬೇಕು. ಆದರೆ ಹಣ ಮೊದಲೇ ಬೇಕಾದವನು ಎಷ್ಟು ಬಿಟ್ಟುಕೊಡುತ್ತಾನೆಂದು ಹರಾಜಿನಲ್ಲಿ ಎಲ್ಲರೆದುರು ಹೇಳಲಾಗುತ್ತದೆ, ಬಿಟ್ಟದ್ದರಲ್ಲಿ ನಿರ್ವಾಹಕರ ಪಾಲು ಕಳೆದು ಉಳಿದದ್ದು ಸದಸ್ಯರಿಗೇ ಹಂಚಿಹೋಗುತ್ತದೆ. ಆತುರಕ್ಕೆ ತೆರುವ ಬೆಲೆಯನ್ನು ಬಾಯಿಬಿಟ್ಟು ಹೇಳುವ ವ್ಯವಹಾರ ಅದು. ನನಗೆ ಬೇಕಾದದ್ದು ಆ ಬಾಯಿಬಿಟ್ಟು ಹೇಳುವುದು.

ಕಾನೂನೂ ಅದನ್ನೇ ಬೇಡುತ್ತದೆ. 2022ರ ಏಪ್ರಿಲಿನಲ್ಲಿ ಹೊರಡಿಸಿದ ಕಾರ್ಡ್ ನಿರ್ದೇಶನಗಳಲ್ಲಿ ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ: ಕಂತಿಗೆ ಪರಿವರ್ತಿಸುವ ಮೊದಲೇ ಅಸಲೆಷ್ಟು, ಬಡ್ಡಿಯೆಷ್ಟು, ಅದನ್ನು ಸರಿದೂಗಿಸಲು ಕೊಟ್ಟ ರಿಯಾಯಿತಿಯೆಷ್ಟು ಎಂದು ಬಿಡಿಬಿಡಿಯಾಗಿ ತಿಳಿಸಬೇಕು, ಬಿಲ್ಲಿನಲ್ಲೂ ಬೇರೆಬೇರೆ ತೋರಿಸಬೇಕು, ಬಡ್ಡಿ ಇರುವ ಕಂತನ್ನು ಬಡ್ಡಿಯಿಲ್ಲದ್ದೆಂದು ಮರೆಮಾಚಬಾರದು. ಅರ್ಜಿಯ ಜೊತೆಗೆ ಒಂದು ಪುಟದ ಮುಖ್ಯಾಂಶಗಳ ಹಾಳೆ ಕೊಡಬೇಕು. ಷರತ್ತುಗಳು ಕಾರ್ಡುದಾರನಿಗೆ ಅರ್ಥವಾಗುವ ಸರಳ ಮಾತಿನಲ್ಲಿ, ಸಾಧ್ಯವಾದಷ್ಟೂ ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿ ಇರಬೇಕು.

ಸ್ಥಳೀಯ ಭಾಷೆ. ಮಂಜೇಶ್ವರದಲ್ಲಿ, ಕುಂಬಳೆಯಲ್ಲಿ, ಪೆರ್ಲದಲ್ಲಿ, ಮುಳ್ಳೇರಿಯದಲ್ಲಿ ಸ್ಥಳೀಯ ಭಾಷೆ ಯಾವುದು? ಇದನ್ನು ನಾನು ಒಂದು ಬ್ಯಾಂಕಿನ ಶಾಖೆಯಲ್ಲಿ ನಿಂತು ಕೇಳಿದ್ದೇನೆ. ಮೇಜಿನ ಹಿಂದಿದ್ದ ಯುವಕ ಒಳ್ಳೆಯವನೇ. ಮಲಯಾಳದ ಹಾಳೆಯನ್ನು ಹುಡುಕಿ ತಂದು ಕೊಟ್ಟ, ಕನ್ನಡದ್ದು ಬಂದಿಲ್ಲ ಎಂದ. ನನ್ನ ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಇಂಗ್ಲಿಷ್ ಹಾಳೆಯ ಕೆಳಗೆ ಕನ್ನಡದಲ್ಲಿ ದುಂಡಗೆ ಸಹಿ ಹಾಕಿ ಹೋದರು. ಅದರ ಒಂದು ಸಾಲನ್ನೂ ಅವರು ಓದಿರಲಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಗಡಿ ನಮ್ಮ ಮೇಲೆ ಹಾದುಹೋಯಿತು, ನಾವು ಇದ್ದಲ್ಲೇ ಇದ್ದೇವೆ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯೇ ಸರ್ಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ನಮಗೆ ಕೊಟ್ಟಿತು. ಬ್ಯಾಂಕಿನ ಕಟ್ಟೆಯ ಮುಂದೆ ಆ ಹಕ್ಕು ಏಕೆ ಮಾತು ಕಳೆದುಕೊಳ್ಳಬೇಕು? ಈ ನೆಲದಲ್ಲಿ ಹುಟ್ಟಿದ ಬ್ಯಾಂಕುಗಳು ಒಂದೊಂದಾಗಿ ವಿಲೀನವಾದವು: 2019ರಲ್ಲಿ ವಿಜಯಾ, 2020ರಲ್ಲಿ ಕಾರ್ಪೊರೇಷನ್ ಮತ್ತು ಸಿಂಡಿಕೇಟ್. ಸಾಲ ಕೇಳಲು ಬಂದವನ ಮನೆತನ, ತೋಟ, ಭಾಷೆ ಮೂರನ್ನೂ ಬಲ್ಲ ಮ್ಯಾನೇಜರು ಈಗ ಅಪರೂಪ. ಅಂಥವರಿದ್ದರೆ ನೀವು ನನಗೆ ಪತ್ರ ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ. "ಕೊಯ್ಲು ಮುಗಿಯಲಿ, ಈಗ ಬೇಡ" ಎಂದು ಅವರೇ ಹೇಳಿ ಕಳುಹಿಸುತ್ತಿದ್ದರು.

ಫ್ರಿಜ್ ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ವಾಷಿಂಗ್ ಮೆಷಿನನ್ನಂತೂ ಆದಷ್ಟು ಬೇಗ ಕೊಳ್ಳಿ. ಮಳೆಗಾಲದಲ್ಲಿ ತೋಟದ ಕೆಸರು ಹಿಡಿದ ಬಟ್ಟೆ ಒಗೆಯುವವರು ಯಾರೆಂದು ನಿಮಗೆ ಗೊತ್ತು. ಅಟ್ಟದಲ್ಲಿ ಹಳೆಯ ಅಡಿಕೆ ಇದ್ದರೆ ಮೆಷಿನಿಗೆ ಬೇಕಾದಷ್ಟನ್ನು ಈಗಲೇ ಕೊಟ್ಟು ನಗದಾಗಿ ತನ್ನಿ, ಫ್ರಿಜ್ ಫೆಬ್ರವರಿಗೆ ಇರಲಿ. ಮನೆಯವರನ್ನೂ ಅಂಗಡಿಗೆ ಕರೆದುಕೊಂಡು ಹೋಗಿ, ಬೆಲೆ ಅವರೇ ಕೇಳಲಿ.

ಇನ್ನೊಂದು ಕೆಲಸ ನೀವು ನನಗೆ ಮಾಡಿಕೊಡಬೇಕು. ನಿಮ್ಮ ಕಾರ್ಡಿನ ಜೊತೆ ಬಂದ ಇಂಗ್ಲಿಷಿನ ಆ ಹಾಳೆಯ ಪ್ರತಿಯೊಂದನ್ನು ಕಳುಹಿಸಿ. ಕಾರ್ಡಿನ ಸಂಖ್ಯೆ, ಹೆಸರು ಕಾಣದಂತೆ ಮಸಿ ಬಳಿಯಿರಿ. ಮುಂದಿನ ಸಂಚಿಕೆಯ ಎರಡು ಪುಟ ಅದಕ್ಕೆಂದೇ ತೆಗೆದಿಟ್ಟಿದ್ದೇನೆ. ಪ್ರತಿಯೊಂದು ಷರತ್ತನ್ನೂ ಕನ್ನಡದಲ್ಲಿ, ಹಿರಿಯರ ಕಣ್ಣಿಗೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುತ್ತೇವೆ.